ಒಂದೇ ಬಾಗಿಲಿಗೆ ಮೂರು ಸಂಬಳ

ಸೆಪ್ಟೆಂಬರ್ 8, ಸೋಮವಾರ

ನನ್ನ ಹೆಸರು ನೋಡಿ ಕರೆದರು, ಪಾಸ್‌ಪೋರ್ಟ್ ನೋಡಿ ಸಂಬಳ ಇಳಿಸಿದರು. ಇದು ಅನ್ಯಾಯ. ಇದಕ್ಕೆ ಬೇರೆ ಹೆಸರು ಕೊಡುವವರು ಕಂಪನಿಯ ಪರ ಇರುವವರು.

ಕಳೆದ ವರ್ಷ ಕಂಪನಿಯಿಂದ ಫೋನಿನಲ್ಲಿ ಮಾತಾಡಿದ ಹೆಂಗಸು, "ಮಿಸ್ಟರ್ ಡಿಕ್ಸನ್, ನೀವು ಅಬರ್ಡೀನಿನವರಾ, ಗ್ಲಾಸ್ಗೋದವರಾ?" ಎಂದು ಕೇಳಿದ್ದಳು. ಮಂಗಳೂರು ಎಂದೆ. ಆಮೇಲೆ ಬಂದ ಆಫರ್ ಲೆಟರಿನಲ್ಲಿ ಮೊದಲು ಹೇಳಿದ ಮೊತ್ತದ ಅರ್ಧವೂ ಇರಲಿಲ್ಲ. ನನ್ನ ಅಣ್ಣಂದಿರು ನೆಲ್ಸನ್ ಮತ್ತು ವಿಲ್ಸನ್. ಮೂರನೆಯವನಿಗೂ ಪ್ರಾಸ ಕೂಡಬೇಕೆಂದು ಅಪ್ಪ ಡಿಕ್ಸನ್ ಎಂದು ಇಟ್ಟರು. ಅದು ಸ್ಕಾಟ್‌ಲೆಂಡಿನ ಒಂದು ಮನೆತನದ ಹೆಸರು ಎಂದು ನಮ್ಮ ಜೆಪ್ಪುವಿನಲ್ಲಿ ಯಾರಿಗೆ ಗೊತ್ತಿತ್ತು.

ನಮ್ಮ ಕಾರ್ಖಾನೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿದೆ. ಬೆಂಕಿ ತಡೆಯುವ ಬಾಗಿಲು ಮಾಡುತ್ತೇವೆ. ಹೋಟೆಲು, ಆಸ್ಪತ್ರೆಗಳ ಮೆಟ್ಟಿಲ ಬಳಿ ಇರುತ್ತದಲ್ಲ, ಆ ಭಾರದ ಬಾಗಿಲು. ಪ್ರತಿ ಬಾಗಿಲನ್ನೂ ಮೂವರು ಪರೀಕ್ಷಿಸಿ ಮೂರು ಮುದ್ರೆ ಒತ್ತಿದರೆ ಮಾತ್ರ ಅದು ಲಾರಿ ಹತ್ತುತ್ತದೆ. ಒಬ್ಬ ಸ್ಕಾಟ್‌ಲೆಂಡಿನವ, ಒಬ್ಬಳು ಚೀನಾದವಳು, ಮೂರನೆಯವ ನಾನು. ಚೌಕಟ್ಟು, ಕೀಲು, ಹಲಗೆ ಎಂದು ವಾರಕ್ಕೊಮ್ಮೆ ಜಾಗ ಬದಲಾಯಿಸಿಕೊಳ್ಳುತ್ತೇವೆ. ಕೆಲಸ ಒಂದೇ. ಮುದ್ರೆಯ ಗಾತ್ರವೂ ಒಂದೇ.

ಇವತ್ತು ಮೊಂತಿ ಫೆಸ್ತ್, ನಮ್ಮವರ ಹೊಸ ಅಕ್ಕಿಯ ಹಬ್ಬ. ಅಮ್ಮ ವೀಡಿಯೊದಲ್ಲಿ ಬಾಳೆಲೆ ತೋರಿಸಿದರು. ನನ್ನ ಪಾಲನ್ನು ಬೇರೆ ಎಲೆಯಲ್ಲಿ ಬಡಿಸಿಟ್ಟಿದ್ದರು. "ನೊವೆಂ ಕಳಿಸ್ತೇನೆ ಪುತಾ, ಊರಿಂದ ಬರುವವರು ಯಾರಾದರೂ ಸಿಕ್ಕಿದರೆ" ಎಂದರು. ನೊವೆಂ ಎಂದರೆ ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿದ ಹೊಸ ಭತ್ತ. ಅದನ್ನು ಸುಲಿದು ಪುಡಿ ಮಾಡಿ ಎಲ್ಲರೂ ಹಂಚಿಕೊಂಡು ತಿನ್ನಬೇಕು, ಒಬ್ಬರೇ ತಿನ್ನುವ ಕ್ರಮ ಇಲ್ಲ. ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ ಎಂದೆ. "ನಂಬಿಕೆ ಇಲ್ಲದವರಿಗೂ ಹಸಿವು ಆಗ್ತದಲ್ಲ" ಎಂದರು.

ಖುಬ್ಬೂಸ್ ರೊಟ್ಟಿ ಮತ್ತು ದಾಲ್ ತಿಂದೆ. ಕ್ಯಾಂಟೀನಿನ ಮೂಲೆಯ ಮೇಜಿಗೆ ಯಾರೂ ಬರುವುದಿಲ್ಲ. ಓದಲು ಅನುಕೂಲ.

ಸೆಪ್ಟೆಂಬರ್ 10, ಬುಧವಾರ

ಕರಪತ್ರ ಬರೆಯುವುದೆಂದು ತೀರ್ಮಾನಿಸಿದ್ದೇನೆ. ತಲೆಬರಹ: ಒಂದೇ ಬಾಗಿಲಿಗೆ ಮೂರು ಸಂಬಳ.

ಜೆಪ್ಪುವಿನಲ್ಲಿ ಮುಚ್ಚಿಹೋದ ಹಂಚಿನ ಕಾರ್ಖಾನೆಯ ಯೂನಿಯನ್ ಕೋಣೆ ಇತ್ತು. ಪಿಯುಸಿ ಓದುವಾಗ ಅಲ್ಲಿನ ಕಪಾಟಿನಲ್ಲಿದ್ದ ಪುಸ್ತಿಕೆಗಳನ್ನು ಒಂದೊಂದಾಗಿ ಓದಿ ಮುಗಿಸಿದೆ. ಗೆದ್ದಲು ತಿಂದ ಪುಟಗಳನ್ನು ನಾನೇ ಊಹಿಸಿ ತುಂಬಿಸಿಕೊಂಡೆ. ಕಾಲೇಜು ನನಗೆ ಕಲಿಸಿದ್ದು ಕಡಿಮೆ. ಅಲ್ಲಿಂದ ತಂದ ಮೂರು ಪುಸ್ತಿಕೆಗಳು ಈಗಲೂ ನನ್ನ ದಿಂಬಿನ ಕೆಳಗಿವೆ.

ಅವುಗಳಲ್ಲಿ ಒಂದರಲ್ಲಿದೆ: ಕೆನಡಾದಲ್ಲಿ ರೈಲುಹಳಿ ಹಾಕಲು ಚೀನಾದವರನ್ನು ಕರೆಸಿಕೊಂಡರು. ಹಳಿ ಮುಗಿದ ಮೇಲೆ, ಇನ್ನು ಬರುವ ಚೀನಾದವರು ತಲೆಗಂದಾಯ ಕೊಡಬೇಕು ಎಂದು ಕಾನೂನು ಮಾಡಿದರು. ಅದೇ ಕಾಲದಲ್ಲಿ ಸ್ಕಾಟ್‌ಲೆಂಡಿನಿಂದ ಹಡಗು ಹತ್ತಿದ ಬಡವನಿಗೆ ಅದೇ ದೇಶ ಜಮೀನು ಕೊಟ್ಟಿತು. ಇಬ್ಬರೂ ಬರಿಗೈಯಲ್ಲಿ ಬಂದವರು. ಎರಡು ತಲೆಮಾರು ಕಳೆದ ಮೇಲೆ ಒಬ್ಬನ ಮೊಮ್ಮಗ ಬ್ಯಾಂಕಿನಲ್ಲಿ, ಇನ್ನೊಬ್ಬನ ಮೊಮ್ಮಗ ಲಾಂಡ್ರಿಯಲ್ಲಿ. ಆಮೇಲೆ ಪಂಡಿತರು ಬಂದು ಸ್ಕಾಟ್‌ಗಳು ಮಿತವ್ಯಯಿಗಳು, ಶ್ರಮಜೀವಿಗಳು, ಅದಕ್ಕೇ ಮುಂದೆ ಬಂದರು ಎಂದು ಬರೆದರು. ಲಾಂಡ್ರಿಯವನು ಮಲಗಿಕೊಂಡಿದ್ದನೇ?

ಇಲ್ಲಿಯೂ ಅದೇ. ಸ್ಕಾಟ್‌ಗೆ ಕಂಪನಿಯ ಕಾರು, ಬೇರೆ ಫ್ಲ್ಯಾಟು, ವರ್ಷಕ್ಕೊಮ್ಮೆ ಕುಟುಂಬಕ್ಕೆಲ್ಲ ವಿಮಾನದ ಟಿಕೆಟು. ಚೀನಾದವಳಿಗೆ ಕಾರ್ಖಾನೆಯ ಹಿಂದಿನ ವಸತಿಯಲ್ಲಿ ಅರ್ಧ ಕೋಣೆ, ಎರಡು ವರ್ಷಕ್ಕೊಂದು ಟಿಕೆಟು. ಸ್ಕಾಟ್ ಕೆಲಸ ಮುಗಿದ ಮೇಲೆ ಪಾರ್ಕಿಂಗಿನಲ್ಲಿ ಕಾರಿನ ಎ.ಸಿ. ಹಾಕಿಕೊಂಡು ಸುಮ್ಮನೆ ಕೂತಿರುತ್ತಾನೆ. ನಮ್ಮ ಬಸ್ ಹೊರಡುವವರೆಗೂ ಅಲ್ಲೇ ಇರುತ್ತಾನೆ. ಪೆಟ್ರೋಲು ಕಂಪನಿಯದ್ದು, ಅವನಿಗೇನು.

ಸೆಪ್ಟೆಂಬರ್ 14, ಭಾನುವಾರ

ನಾನಿರುವುದು ಇಂಟರ್‌ನ್ಯಾಷನಲ್ ಸಿಟಿಯ ಚೀನಾ ಕ್ಲಸ್ಟರಿನಲ್ಲಿ. ಇಲ್ಲಿನ ಕಟ್ಟಡಗಳ ಗುಂಪುಗಳಿಗೆ ಒಂದೊಂದು ದೇಶದ ಹೆಸರು. ಕೋಣೆಯ ಇನ್ನೊಂದು ಮಂಚ ಉಳ್ಳಾಲದ ಸಫೀರನದ್ದು. ಅವನು ಪಕ್ಕದ ಚೀನೀ ಮಾರುಕಟ್ಟೆಯಲ್ಲಿ ಲೈಟಿನ ಅಂಗಡಿಯ ಸೇಲ್ಸ್‌ಮನ್. ಕರಪತ್ರದ ಮೊದಲ ಪುಟ ಅವನಿಗೆ ಓದಿ ಹೇಳಿದೆ. ಅವನು ಮೊಸರಿಗೆ ಉಪ್ಪು ಹಾಕುತ್ತಾ ಕೇಳಿದ.

"ನಮ್ಮ ಸೇಠ್ ಚೀನಾದವ. ಮೂರು ಅಂಗಡಿ ಉಂಟು, ಲೆಕ್ಸಸ್ ಉಂಟು. ಅವನನ್ನು ಎಲ್ಲಿ ಹಾಕ್ತಿ?"

"ಅವನು ಅಪವಾದ" ಎಂದೆ.

"ಇಲ್ಲೇ ಸತ್ವಾ ಏರಿಯಾದಲ್ಲಿ ನನ್ನ ಮಾವನ ವಿಲ್ಲಾದಲ್ಲಿ ಒಬ್ಬ ಸ್ಕಾಟ್‌ಲೆಂಡ್ ಮುದುಕ ಇದ್ದ. ಕೆಲಸ ಹೋಗಿ, ವೀಸಾ ಹೋಗಿ, ಕರ್ಟನ್ ಹಾಕಿದ ಪಾರ್ಟಿಶನಲ್ಲಿ ಮಲಗ್ತಿದ್ದ. ಅವನೂ ಅಪವಾದವಾ?"

"ಹೌದು."

"ನೀನು ಒಳ್ಳೆ ಜನ ಮಾರಾಯ. ಎದುರು ಬಂದವರೆಲ್ಲ ಅಪವಾದ, ಪುಸ್ತಕದಲ್ಲಿ ಇದ್ದವರು ಮಾತ್ರ ಸತ್ಯ. ಚೀನಾ ಕ್ಲಸ್ಟರಲ್ಲಿ ಕೂತು ಚೀನಾದವರ ಬಗ್ಗೆ ಬರೀತಿ, ಕೆಳಗೆ ಹೋಗಿ ಒಂದು ಮಾತು ಕೇಳ್ಲಿಕ್ಕೆ ಆಗುದಿಲ್ವಾ?"

ಅವನಿಗೆ ವರ್ಗ ಎಂದರೆ ಏನೆಂದು ಗೊತ್ತಿಲ್ಲ. ಆದರೂ ಅಂಕಿ ಅಂಶ ಬೇಕು, ಅದು ನಿಜ. ನಾಳೆಯಿಂದ ಸಂಗ್ರಹಿಸುತ್ತೇನೆ.

ಸೆಪ್ಟೆಂಬರ್ 17, ಬುಧವಾರ

ಚೀನಾದವಳು ಊಟದ ಹೊತ್ತಿಗೆ ಲೋಡಿಂಗ್ ಗೇಟಿನ ನೆರಳಿನಲ್ಲಿ ಕೂರುತ್ತಾಳೆ. ಕ್ಯಾಂಟೀನಿಗೆ ಬರುವುದಿಲ್ಲ. ಇವತ್ತು ಹೋಗಿ ಎದುರು ಕೂತೆ. ಹೇಗೆ ಕೇಳುವುದೆಂದು ಯೋಚಿಸುತ್ತಿದ್ದಾಗ ಅವಳೇ ಕೇಳಿದಳು, ಅರ್ಧ ಇಂಗ್ಲಿಷ್, ಅರ್ಧ ಹಿಂದಿಯಲ್ಲಿ.

"ಡಿಕ್ಸನ್, ನಿನಗೆ ಸಂಬಳ ಎಷ್ಟು?"

ಹೇಳಿದೆ. ಅವಳು ತನ್ನದನ್ನೂ ಹೇಳಿದಳು. ನನಗಿಂತ ಸ್ವಲ್ಪ ಮೇಲೆ, ಆದರೆ ಹೇಳಿಕೊಳ್ಳುವಷ್ಟಲ್ಲ. ನಾನು ಹುಟ್ಟುವ ಮೊದಲೇ ಅವಳು ಬಾಗಿಲಿನ ಕೆಲಸ ಶುರು ಮಾಡಿದವಳು. ಆಮೇಲೆ ಬಾಡಿಗೆ ಎಷ್ಟು, ಮದುವೆ ಯಾಕಾಗಲಿಲ್ಲ, ಶರ್ಟಿಗೆ ಎಷ್ಟು ಕೊಟ್ಟೆ, ಎಲ್ಲವನ್ನೂ ಕೇಳಿದಳು. ನಮ್ಮ ಕೇರಿಯ ಹೆಂಗಸರೂ ಹೀಗೆಯೇ. ಇಷ್ಟು ಹೊತ್ತು ನನ್ನ ಬಗ್ಗೆ ಯಾರಾದರೂ ವಿಚಾರಿಸಿ ಬಹಳ ದಿನವಾಗಿತ್ತು. ಇದನ್ನು ಸುಮ್ಮನೆ ಬರೆದಿಟ್ಟಿದ್ದೇನೆ, ಕರಪತ್ರಕ್ಕೆ ಸಂಬಂಧವಿಲ್ಲ.

ಹೆಸರು ಗುವೊ ಯಾನ್. ಮಗ ಊರಿನಲ್ಲಿ ಅಜ್ಜಿಯ ಹತ್ತಿರ ಇದ್ದಾನೆ, ಬರುವ ಜೂನಿನಲ್ಲಿ ಕಾಲೇಜು ಪ್ರವೇಶ ಪರೀಕ್ಷೆ. ಅಲ್ಲಿಯವರೆಗೆ ಈ ಕೆಲಸ ಉಳಿದರೆ ಸಾಕಂತೆ. ಈ ತಿಂಗಳ ಕೊನೆಗೆ ಕಾಂಟ್ರ್ಯಾಕ್ಟ್ ಮುಗಿಯುತ್ತದೆ, ಇನ್ನೂ ರಿನ್ಯೂ ಆಗಿಲ್ಲ. "ಸಂಬಳ ಹೇಳಿದ್ದು ನಿನಗೆ ಮಾತ್ರ. ಹೊರಗೆ ಹೇಳಬಾರದು ಅಂತ ಕಾಂಟ್ರ್ಯಾಕ್ಟಿನಲ್ಲಿ ಇದೆ" ಎಂದಳು. ಹೂಂ ಎಂದೆ.

ಸಂಜೆ ಪಾರ್ಕಿಂಗಿನಲ್ಲಿ ಸ್ಕಾಟ್‌ನನ್ನೂ ಕೇಳಿದೆ. ಅವನ ಕಿವಿ ಕೆಂಪಾಯಿತು. ಇವತ್ತು ಸೆಕೆ ಸ್ವಲ್ಪ ಕಡಿಮೆ ಅಲ್ವಾ ಎಂದು ಕೇಳಿದ. ಈ ಊರಿನಲ್ಲಿ ಹವೆಯ ಬಗ್ಗೆ ಮಾತಾಡಲು ಏನಿದೆ?

ಸೆಪ್ಟೆಂಬರ್ 21, ಭಾನುವಾರ

ಕರಪತ್ರ ಮುಗಿಯಿತು. ಪೂರ್ತಿ ಕೈಬರಹ, ಪೂರ್ತಿ ಕನ್ನಡ. ಸಂಬಳಗಳನ್ನೂ ಕನ್ನಡ ಅಂಕಿಯಲ್ಲೇ ಬರೆದಿದ್ದೇನೆ. ಸ್ಕಾಟ್‌ನದ್ದು ಮಾತ್ರ ಜಾಹೀರಾತುಗಳನ್ನು ನೋಡಿ ಹಾಕಿದ ಅಂದಾಜು. ಕಾರ್ಖಾನೆಯಲ್ಲಿರುವ ನಮ್ಮ ಕಡೆಯ ವೆಲ್ಡರುಗಳಿಗೆ, ಪೇಂಟರುಗಳಿಗೆ ಮೊದಲು ಕೊಡುತ್ತೇನೆ. ಆಫೀಸಿನವರ ಕೈಗೆ ಸಿಕ್ಕಿದರೂ ಓದಲಾಗುವುದಿಲ್ಲ, ಅಲ್ಲಿ ಕನ್ನಡದವರು ಯಾರೂ ಇಲ್ಲ. ಅಕೌಂಟ್ಸಿನ ಬೆಟ್ಟಿ ಮೇಡಂ ಗೋವಾದವರು, ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವುದಿಲ್ಲ. ಮೇಲ್ಗಡೆ ಒಂದು ಬಾಗಿಲಿನ ಚಿತ್ರ ಬರೆದು, ಅದರ ಮೇಲೆ ನಮ್ಮ ಮೂರು ಮುದ್ರೆಗಳನ್ನು ಇದ್ದ ಹಾಗೆಯೇ, ಇಂಗ್ಲಿಷ್ ಮೊದಲಕ್ಷರಗಳ ಸಮೇತ ಬಿಡಿಸಿದೆ. ಚೆನ್ನಾಗಿ ಬಂದಿದೆ.

ಸಫೀರನಿಗೆ ತೋರಿಸಿದೆ.

"ಚೀನಾದ ಅಕ್ಕನ ಸಂಬಳ ಹಾಕಿದ್ದಿ."

"ಹೆಸರು ಹಾಕಿಲ್ಲ."

"ನಿಮ್ಮ ಫ್ಯಾಕ್ಟರಿಯಲ್ಲಿ ಚೀನಾದ ಹೆಂಗಸು ಇನ್ಸ್‌ಪೆಕ್ಟರ್ ಎಷ್ಟು ಜನ?"

"ಒಬ್ಬಳೇ."

"ಮತ್ತೆ? ಹೆಸರು ಹಾಕ್ಲಿಕ್ಕೆ ಇನ್ನೆಂತ ಬಾಕಿ?"

ಎಲ್ಲ ಹೋರಾಟಕ್ಕೂ ಬೆಲೆ ಇರುತ್ತದೆ ಎಂದೆ. ಬೆಲೆ ಕೊಡುವವಳು ಅವಳು, ಹೋರಾಟ ನಿನ್ನದು, ಒಳ್ಳೆ ಬಿಸಿನೆಸ್ ಎಂದ. ಹೇಡಿ ಎಂದು ಬೈದೆ. ಅವನು ಎದ್ದು ಗೋಡೆಯ ಕಡೆ ತಿರುಗಿ ಮಲಗಿದ. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ.

ಅಮ್ಮ ಕಳಿಸಿದ ನೊವೆಂ ಬಂದಿದೆ. ಕಾಗದದಲ್ಲಿ ಸುತ್ತಿದ ಒಂದು ಹಿಡಿ ಭತ್ತ. ಡ್ರಾಯರಿನಲ್ಲಿ ಹಾಕಿದೆ.

ಸೆಪ್ಟೆಂಬರ್ 22, ಸೋಮವಾರ

ಸಫೀರ ಮಾತಾಡುತ್ತಿಲ್ಲ. ಒಳ್ಳೆಯದೇ, ಕೋಣೆ ನಿಶ್ಶಬ್ದವಾಗಿದೆ.

ಸೆಪ್ಟೆಂಬರ್ 26, ಶುಕ್ರವಾರ

ಬಹಳ ನಿಶ್ಶಬ್ದವಾಗಿದೆ.

ಊಟಕ್ಕೆ ಲೋಡಿಂಗ್ ಗೇಟಿನ ಬಳಿಯೇ ಕೂರುತ್ತಿದ್ದೇನೆ, ಕ್ಯಾಂಟೀನಿನಲ್ಲಿ ಗದ್ದಲ. ಯಾನ್ ಇವತ್ತು ಉಪ್ಪಿನ ಮೊಟ್ಟೆ ಕೊಟ್ಟಳು. ಗ್ರೆಗರ್, ಅದೇ ಆ ಸ್ಕಾಟ್, ನಮ್ಮ ಹತ್ತಿರ ಬಂದು ನಿಂತು, ಬಿಸಿಲು ನೋಡಿ, ಒಳಗೆ ಹೋದ. ಸಂಜೆ ಪಾರ್ಕಿಂಗಿನಲ್ಲಿ ಮಾತಿಗೆ ಸಿಕ್ಕ. ನನ್ನ ಹೆಸರಿನವರು ಸ್ಕಾಟ್‌ಲೆಂಡಿನ ಗಡಿಯವರು, ಅವನ ಪೂರ್ವಜರು ಬಡಗಣ ಬೆಟ್ಟದವರಂತೆ. ಕುರಿ ಸಾಕಲು ಜಾಗ ಬೇಕೆಂದು ಜಮೀನ್ದಾರರು ಅವರ ಊರನ್ನೇ ಒಕ್ಕಲೆಬ್ಬಿಸಿದರಂತೆ. ಉಳಿದವರು ಹಡಗು ಹತ್ತಿದರು. ನಮ್ಮ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಇಂಗ್ಲೆಂಡ್ ಕ್ಲಸ್ಟರ್ ಇದೆ, ಸ್ಕಾಟ್‌ಲೆಂಡ್ ಇಲ್ಲ ಎಂದೆ. "ಅದೇ ನಮ್ಮ ಇಡೀ ಚರಿತ್ರೆ" ಎಂದ. ಅವನು ನಗುವುದನ್ನು ಇವತ್ತೇ ನೋಡಿದ್ದು. ಇದನ್ನೆಲ್ಲ ಕರಪತ್ರದಲ್ಲಿ ಸೇರಿಸಲು ಜಾಗವಿಲ್ಲ.

ಯಾನ್‌ಗೆ ಇನ್ನೂ ಕಾಗದ ಬಂದಿಲ್ಲ. ಕಾಂಟ್ರ್ಯಾಕ್ಟ್ ಮಂಗಳವಾರ ಮುಗಿಯುತ್ತದೆ. ಅದು ಸಹಿಯಾಗುವವರೆಗೆ ಹಂಚುವುದು ಬೇಡ. ಇದು ತಂತ್ರ ಮಾತ್ರ, ಹಿಂಜರಿಕೆ ಅಲ್ಲ. ಪ್ರತಿಗಳನ್ನು ಈಗಲೇ ಮಾಡಿಸಿ ಇಟ್ಟುಕೊಳ್ಳುತ್ತೇನೆ.

ಸೆಪ್ಟೆಂಬರ್ 29, ಸೋಮವಾರ

ಶಿಫ್ಟ್ ಮುಗಿದ ಮೇಲೆ ಆಫೀಸಿನ ಜೆರಾಕ್ಸ್ ಮೆಷಿನಿನಲ್ಲಿ ಪ್ರತಿ ತೆಗೆದೆ. ಬಸ್ಸಿನಲ್ಲಿ ಕೂತು ಬ್ಯಾಗು ತೆರೆದಾಗ ಪ್ರತಿಗಳೆಲ್ಲ ಇದ್ದವು. ಮೂಲ ಪ್ರತಿ ಮೆಷಿನಿನ ಗಾಜಿನ ಮೇಲೆಯೇ ಉಳಿದಿದೆ. ಮುದ್ರೆಗಳಿರುವ ಮೊದಲ ಪುಟ.

ಇಳಿದು ವಾಪಸು ಹೋದೆ. ಆಫೀಸಿಗೆ ಬೀಗ ಹಾಕಿದ್ದರು. ಪಾರ್ಕಿಂಗಿನಲ್ಲಿ ಗ್ರೆಗರ್ ಕಾರಿನಲ್ಲಿ ಕೂತಿದ್ದ. ಗಾಜು ಇಳಿಸಿ, ಏನಾದರೂ ಮರೆತಿದ್ದೀಯಾ ಎಂದು ಕೇಳಿದ. ಹೌದು ಎಂದೆ. ನೀವು ಯಾಕೆ ಮನೆಗೆ ಹೋಗಿಲ್ಲ ಎಂದು ನಾನು ಕೇಳಿದೆ. ಮನೆಯಲ್ಲಿ ಯಾರಿದ್ದಾರೆ ಎಂದ. ಹೆಂಡತಿ ಮತ್ತು ಮಗಳು ಹೋದ ವರ್ಷವೇ ಊರಿಗೆ ಹೋದರಂತೆ. ವಾಪಸು ಬರುವುದಿಲ್ಲವಂತೆ. ಕುಟುಂಬಕ್ಕೆಲ್ಲ ಟಿಕೆಟು ಎಂದು ಬರೆದಿದ್ದೆ.

ಪುಟ ಹೋದದ್ದು ಹೋಯಿತು, ಆ ಕನ್ನಡವನ್ನು ಅಲ್ಲಿ ಯಾರು ಓದುತ್ತಾರೆ.

ಆದರೆ ಮುದ್ರೆ ಇಂಗ್ಲಿಷಿನಲ್ಲಿದೆ. ಅದನ್ನು ಎಲ್ಲರೂ ಓದುತ್ತಾರೆ.

ಸೆಪ್ಟೆಂಬರ್ 30, ಮಂಗಳವಾರ

ಬೆಳಿಗ್ಗೆ ಬೆಟ್ಟಿ ಮೇಡಂ ಕರೆಸಿದರು. ನನ್ನ ಪುಟ ಅವರ ಮೇಜಿನ ಮೇಲಿತ್ತು. ಬಾಗಿಲು ಹಾಕಿಕೋ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಹಾಕಿದ ಮೇಲೆ ಅಚ್ಚ ಮಂಗಳೂರು ಕನ್ನಡದಲ್ಲಿ ಶುರು ಮಾಡಿದರು.

"'ಶೋಷಣೆ'ಗೆ ಎರಡೂ ಕಡೆ ಒಂದೇ 'ಶ' ಅಲ್ಲ. ಎರಡನೆಯದು ಹೊಟ್ಟೆ ಸೀಳಿದ್ದು."

"ನನ್ನನ್ನು ಗೋವಾದವಳು ಅಂತ ಮಾಡಿದ್ದಿಯಾ? ನಾನು ಬೆಂದೂರಿನವಳು. ಏಳನೆಯವರೆಗೆ ಕನ್ನಡ ಮೀಡಿಯಂ. ನೀನು ಒಂದು ದಿನ ಕೇಳಿದ್ದುಂಟಾ, ಊರು ಯಾವುದು ಅಂತ? ಎಲ್ಲರ ಸಂಬಳ ಕೇಳ್ತಿ, ಊರು ಕೇಳುವುದಿಲ್ಲ. ದುಬೈಯಲ್ಲಿ ಅಕೌಂಟ್ಸ್ ಸೆಕ್ಷನ್ ಅಂತ ಇದ್ದರೆ ಅಲ್ಲಿ ಒಬ್ಬರು ಮಂಗಳೂರಿನವರು ಇದ್ದೇ ಇರ್ತಾರೆ. ಕನ್ನಡ ಅಂಕಿಯಲ್ಲಿ ಬರೆದು ಅಡಗಿಸುವುದು ಯಾರಿಂದ?"

ನಡೆದದ್ದು ಇಷ್ಟು. ಇವತ್ತು ಬೆಳಿಗ್ಗೆ ಮ್ಯಾನೇಜರ್ ತಾನೇ ಏನೋ ಜೆರಾಕ್ಸ್ ತೆಗೆಯಲು ಹೋಗಿದ್ದಾನೆ. ಪುಟ ಸಿಕ್ಕಿದೆ. ಓದಲಾಗಲಿಲ್ಲ, ಆದರೆ ತನ್ನ ಮೂವರು ಇನ್ಸ್‌ಪೆಕ್ಟರುಗಳ ಮುದ್ರೆ ಗುರುತು ಹಿಡಿದ. ಇದು ಏನು, ಯಾಕೆ ಎಂದು ಬೆಟ್ಟಿ ಮೇಡಂ ಎದುರು ಹಿಡಿದ. ಯಾನ್‌ಳ ರಿನ್ಯೂವಲ್ ಕಾಗದ ಅವನ ಇನ್ನೊಂದು ಕೈಯಲ್ಲಿತ್ತಂತೆ, ಸಹಿ ಹಾಕಿರಲಿಲ್ಲವಂತೆ.

"ನೀವು ಏನು ಹೇಳಿದಿರಿ?"

"ಊಟದ ಕರೆ ಅಂತ ಹೇಳಿದೆ."

"ಯಾವ ಊಟ?"

"ಮೊಂತಿ ಫೆಸ್ತಿನದ್ದು. ನೊವೆಂ ಊರಿಂದ ತಡವಾಗಿ ಬಂದದ್ದಕ್ಕೆ ಹಬ್ಬವೂ ತಡ. ನಮ್ಮ ಹುಡುಗ ಜೊತೆಯಲ್ಲಿ ಕೆಲಸ ಮಾಡುವ ಇಬ್ಬರನ್ನು ಊಟಕ್ಕೆ ಕರೀತಾನೆ, ಮೂವರ ಮುದ್ರೆ ಚಂದ ಬಿಡಿಸಿದ್ದಾನೆ. ಅಂಕಿಗಳು ಏನು ಅಂತ ಕೇಳಿದ. ತರಕಾರಿಯ ಲೆಕ್ಕ ಅಂದೆ. ಇಷ್ಟು ತರಕಾರಿಯಾ ಅಂದ. ನಮ್ಮ ಹಬ್ಬ ಹಾಗೆಯೇ ಅಂದೆ."

ಮ್ಯಾನೇಜರ್ ನಕ್ಕು ಯಾನ್‌ಳ ಕಾಗದಕ್ಕೆ ಸಹಿ ಹಾಕಿದನಂತೆ. ಒಂದು ವರ್ಷ, ಅದೇ ಸಂಬಳ. ಸುಮ್ಮನಿರದೆ ಗ್ರೆಗರ್‌ಗೆ, ನಿನಗೆ ಊಟದ ಕರೆ ಇದೆ ಎಂದೂ ಹೇಳಿದನಂತೆ.

ನೀವು ಸುಳ್ಳು ಹೇಳಬಾರದಿತ್ತು, ಸತ್ಯಕ್ಕೆ ಹೆದರಬಾರದು ಎಂದೆ. ಬೆಟ್ಟಿ ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಪುತಾ, ಆ ಮೂರು ಸಂಬಳದ ಚೆಕ್ಕು ತಿಂಗಳು ತಿಂಗಳು ಮಾಡುವವಳು ನಾನು. ಅನ್ಯಾಯ ಅಲ್ಲ ಅಂತ ನಾನು ಹೇಳಿದೆನಾ? ಗ್ರೆಗರ್‌ದ್ದು ನೀನು ಬರೆದದ್ದು ತಪ್ಪು, ಎಷ್ಟು ಅಂತ ಹೇಳುವುದಿಲ್ಲ. ಕೇಳುವುದಾದರೆ ನಿನ್ನ ಹೆಸರು ಹಾಕಿ, ನಿನ್ನ ಸಂಬಳ ಬರೆದು ಕೇಳು. ಅವಳ ಹೊಟ್ಟೆಯ ಮೇಲೆ ನಿಂತು ಭಾಷಣ ಮಾಡಬೇಡ. ಮತ್ತೆ ಆ ಊಟ ಮಾಡಿ ಮುಗಿಸು. ನನ್ನ ಮಾತು ಸುಳ್ಳಾಗುವುದು ನನಗೆ ಆಗುವುದಿಲ್ಲ."

ಹೊರಗೆ ಯಾನ್ ಸಹಿಯಾದ ಕಾಗದ ಹಿಡಿದು ನಗುತ್ತಿದ್ದಳು. ಅದೇ ಸಂಬಳಕ್ಕೆ ಅಷ್ಟು ನಗು. ನನಗೆ ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಎಂದು ತಿಳಿಯಲಿಲ್ಲ.

ಅಕ್ಟೋಬರ್ 1, ಬುಧವಾರ

ಪ್ರತಿಗಳನ್ನು ಹರಿದು ಹಾಕಿದೆ. ಇದು ಹಿಂದೆ ಸರಿದದ್ದಲ್ಲ. ನನ್ನ ಸಂಬಳ ಮಾತ್ರ ಬರೆದು, ನನ್ನ ಹೆಸರು ಹಾಕಿ, ಒಂದೇ ಕೆಲಸಕ್ಕೆ ಒಂದೇ ಸಂಬಳ ಕೊಡಿ ಎಂದು ಮ್ಯಾನೇಜರನಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದು ಕೊಟ್ಟೆ. ಅವನು ಓದಿ, ನೋಡೋಣ ಎಂದ.

ಸಂಜೆ ಗ್ರೆಗರ್ ಕಾರಿನಲ್ಲಿ ಕೂತಿದ್ದ. ನಾನು ಬಸ್ ಬಿಟ್ಟೆ. ಅವನು ಬಾಗಿಲು ತೆರೆದ. ದಾರಿಯಲ್ಲಿ ಎಲ್ಲ ಹೇಳಿದೆ, ಪುಟದಲ್ಲಿ ಏನಿತ್ತು, ಅವನ ಬಗ್ಗೆ ಏನು ಬರೆದಿದ್ದೆ, ಎಲ್ಲ. ಕಿವಿ ಕೆಂಪಾಯಿತು. ಆಮೇಲೆ, ಹವೆಯ ಬಗ್ಗೆ ಏನೂ ಹೇಳದೆ ಕೇಳಿದ.

"ಹಾಗಾದರೆ ಊಟ ಇಲ್ಲವಾ?"

"ಇದೆ. ಆದರೆ ನನ್ನ ಕೋಣೆಯಲ್ಲಿ ಎರಡು ಮಂಚ ಬಿಟ್ಟರೆ ಏನೂ ಇಲ್ಲ."

"ನನ್ನ ಮನೆಯಲ್ಲಿ ನಾಲ್ಕು ಕುರ್ಚಿ ಸುಮ್ಮನೆ ಇವೆ, ತರುತ್ತೇನೆ. ನನ್ನ ಸಂಬಳವನ್ನು ಅಲ್ಲಿ ನಾನೇ ಹೇಳುತ್ತೇನೆ, ಯಾನ್ ಎದುರಿನಲ್ಲಿ. ನೀನು ಅಂದಾಜು ಮಾಡುವುದು ಬೇಡ."

ಕೆಳಗಿನಿಂದ ಕೋಣೆಯ ಕಿಟಕಿಯಲ್ಲಿ ಬೆಳಕು ಕಂಡಿತು. ಸಫೀರ ಇದ್ದ. ಒಳಗೆ ಹೋಗಿ, ಭಾನುವಾರ ಜನ ಬರ್ತಾರೆ, ಮಾಂಸ ಇಲ್ಲ, ತರಕಾರಿ ಮಾತ್ರ ಎಂದೆ. ಅವನು ಗೋಡೆ ನೋಡಿಕೊಂಡೇ ಹೇಳಿದ.

"ಮಂಚ ಎತ್ತಿ ಗೋಡೆಗೆ ನಿಲ್ಲಿಸುವಾ. ಬಾಳೆಲೆ ಕರಾಮಾ ಮಾರ್ಕೆಟಿಂದ ನಾನು ತರ್ತೇನೆ. ಹೇಡಿಯ ಕೈಯ ಎಲೆ ಆಗಬಹುದಾ?"

"ಆಗ್ತದೆ ಮಾರಾಯ."

ಅಕ್ಟೋಬರ್ 2, ಗುರುವಾರ

ಯಾನ್‌ಗೂ ಹೇಳಿದೆ. ಅವಳಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಹಿಂದಿಯಲ್ಲಿ ನನಗೆ ಅಷ್ಟು ಮಾತಿಲ್ಲ, ಇಂಗ್ಲಿಷಿನಲ್ಲಿ ಅವಳಿಗಿಲ್ಲ. ಬಾಗಿಲಿನ ಚಿತ್ರ ಬರೆದು, ಮುದ್ರೆ ಬರೆದು, ಅವಳ ಮುದ್ರೆಯ ಕೆಳಗೆ ಅಂಕಿ ಬರೆದು ತೋರಿಸಬೇಕಾಯಿತು. ಅರ್ಥವಾದ ಕೂಡಲೇ ಅವಳು ಎದ್ದು ಒಳಗೆ ಹೋದಳು. ಊಟದ ಡಬ್ಬಿ ಅರ್ಧ ಹಾಗೇ ಇತ್ತು.

ಮಧ್ಯಾಹ್ನವಿಡೀ ಪಕ್ಕದಲ್ಲೇ ನಿಂತು ಕೀಲು ಪರೀಕ್ಷಿಸಿದಳು, ನನ್ನ ಕಡೆ ನೋಡಲಿಲ್ಲ. ನನ್ನ ಮುದ್ರೆ ಬೀಳಬೇಕಾದ ಜಾಗಕ್ಕೆ ಬಾಗಿಲನ್ನು ತಳ್ಳುತ್ತಿದ್ದಳು, ಅಷ್ಟೆ. ಒಂದು ಬಾಗಿಲಿನ ಹಲಗೆಯಲ್ಲಿ ನಾನು ಗಮನಿಸದೆ ಬಿ‌ಟ್ಟ ಗೀರನ್ನು ಬೆರಳಿನಿಂದ ತೋರಿಸಿ ಅದನ್ನು ವಾಪಸು ಕಳಿಸಿದಳು. ಗ್ರೆಗರ್ ನೋಡಿಯೂ ನೋಡದವನಂತೆ ಚೌಕಟ್ಟು ಅಳೆಯುತ್ತಿದ್ದ.

ಶಿಫ್ಟ್ ಮುಗಿದು ಕೈ ತೊಳೆಯುವಲ್ಲಿ ಹತ್ತಿರ ಬಂದಳು.

"ನಿನ್ನ ಅಕ್ಕಿಯ ಹಬ್ಬ. ಅದನ್ನು ಒಬ್ಬರೇ ತಿನ್ನಬಾರದು ಅಂತ ಬೆಟ್ಟಿ ಹೇಳಿದಳು. ಹೌದಾ?"

"ಹೌದು."

"ಸೋಮವಾರ ನಮ್ಮ ಹಬ್ಬ. ಚಂದ್ರನದ್ದು, ಬೆಳೆಯದ್ದು. ಅದನ್ನೂ ಒಬ್ಬರೇ ತಿನ್ನಬಾರದು. ನಾನು ಇಲ್ಲಿ ಪ್ರತಿ ವರ್ಷ ಒಬ್ಬಳೇ ತಿನ್ನುತ್ತೇನೆ." ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡಳು. "ನಿನ್ನ ಮೇಲೆ ಸಿಟ್ಟು ಇದೆ. ನಾಳೆಯೂ ಇರುತ್ತದೆ. ಎಷ್ಟು ಗಂಟೆಗೆ?"

ಕೋಣೆಗೆ ಬಂದ ಮೇಲೆ ಡ್ರಾಯರಿನಿಂದ ನೊವೆಂ ತೆಗೆದು ಸುಲಿಯಲು ಕೂತೆ. ಸಫೀರನೂ ಕೂತ. ಒಂದು ಹಿಡಿ ಭತ್ತ ಬೆಟ್ಟಿ ಮೇಡಂ ಸೇರಿ ಐದು ಜನರಿಗೆ ಸಾಕಾಗುತ್ತದಾ ಎಂದು ಅವನು ಕೇಳಿದ. ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಸಾಕಾಗುತ್ತದಂತೆ.

ಯಾನ್‌ಗೆ ಹೇಳಿದ್ದನ್ನೇ ಮರೆಯದಂತೆ ಇಲ್ಲಿಯೂ ಬರೆದಿಡುತ್ತೇನೆ: ಚೀನಾ ಕ್ಲಸ್ಟರ್, ನಮ್ಮ ಕೋಣೆ. ಭಾನುವಾರ, ಅಕ್ಟೋಬರ್ ಐದು, ಮಧ್ಯಾಹ್ನ ಒಂದು ಗಂಟೆಗೆ.